ಮೂರು ಮನೆಯ ಅಣ್ಣತಮ್ಮಂದಿರು



ಹೋದ ರಾಜ್ಯೋತ್ಸವದ ತಯಾರಿ ನಡೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಮಗನಿಗೆ ಹದಿನೈದು ವರ್ಷ. ಒಂದು ವರ್ಷದಿಂದ ಗಿಟಾರ್ ಹಿಡಿದಿದ್ದಾನೆ. ರೂವಿಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವನ ವಾದ್ಯಕ್ಕೆ ಜಾಗವಿಲ್ಲ, ಪಕ್ಕದ ಮನೆಯವರ ತಾಳ್ಮೆಗೂ ಒಂದು ಮಿತಿಯಿದೆ. ಹಾಗಾಗಿ ಸಂಜೆ ಹೊತ್ತು ಕಟ್ಟಡದ ಕೆಳಗಿನ ಕಾರ್ ಪಾರ್ಕಿಂಗಿನಲ್ಲಿ ಇನ್ನಿಬ್ಬರು ಹುಡುಗರ ಜೊತೆ ಕೂತು ಬಾರಿಸುತ್ತಾನೆ. ಒಬ್ಬ ಮಲಯಾಳಿ, ಇನ್ನೊಬ್ಬ ಗೋವಾದವ. ವಾಚ್‌ಮನ್ ಒಳ್ಳೆಯವನು, ಎಂಟು ಗಂಟೆಯವರೆಗೆ ಸುಮ್ಮನಿರುತ್ತಾನೆ.

"ರಾಜ್ಯೋತ್ಸವದಲ್ಲಿ ಒಂದು ಕನ್ನಡ ಹಾಡು ನುಡಿಸಿ ಕಣೋ" ಅಂದೆ.

"ಅಪ್ಪಾ, ಕನ್ನಡ ಗಿಟಾರಿಗೆ ಕೂರಲ್ಲ. ಅದೇನಿದ್ದರೂ ಹಾರ್ಮೋನಿಯಂಗೆ" ಅಂದ.

ನನಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಅಳುಕು. ಏಕೆಂದರೆ ಅವನ ವಯಸ್ಸಿನಲ್ಲಿ, ಮೈಸೂರಿನ ಸರಸ್ವತಿಪುರದ ಮನೆಯ ಮಹಡಿಯಲ್ಲಿ ಕೂತು, ಇದೇ ಮಾತನ್ನು ನಾನೂ ಆಡಿದ್ದೆ. ಇನ್ನೊಂದು ಸಂಗತಿಯೂ ಇದೆ. ಇಲ್ಲಿ ಬೆಳೆದ ಬಹಳ ಮಕ್ಕಳಂತೆ ಇವನ ನಾಲಗೆಯಿಂದಲೂ 'ಳ'ಕಾರ ಜಾರಿಹೋಗಿದೆ. "ಅಜ್ಜಿಯ ಹಲ್ಲಿಗೆ ಹೋಗೋಣ" ಎನ್ನುತ್ತಾನೆ. ಅಜ್ಜಿಗೆ ಹಲ್ಲೂ ಇಲ್ಲ, ಅವರ ಮನೆಯಲ್ಲಿ ಹಲ್ಲಿಯೂ ಇಲ್ಲ! 'ಹೇಳು' ಎಂಬ ಮಾತು ಅವನ ಬಾಯಲ್ಲಿ ಏನಾಗುತ್ತದೆ ಎಂಬುದನ್ನು ಸಭ್ಯರು ಓದುವ ಈ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಜಗಳ ಅಲ್ಲಿಗೇ ನಿಂತಿತು. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಬೇಕೆಂದು ನಾನು ಕೆಲವು ವಾರ ಓದಿದೆ, ಕೇಳಿದೆ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೂರು ಮನೆಗಳ ಮೂರು ಜೋಡಿ ಅಣ್ಣತಮ್ಮಂದಿರು. ಎರಡು ಮನೆ ಸ್ಕಾಟ್ಲೆಂಡಿನಲ್ಲಿ, ಒಂದು ನಮ್ಮ ಮೈಸೂರಿನಲ್ಲಿ. ಅವರ ಕಥೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

* * *

ಮೊದಲು ಗ್ಯಾರೇಜಿನ ವಿಚಾರ. ನಮ್ಮ ಕಡೆ ಗ್ಯಾರೇಜು ಎಂದರೆ ಲಾರಿ ರಿಪೇರಿ ಮಾಡುವ ಜಾಗ. ಅಮೆರಿಕದಲ್ಲಿ ಅದು ಮನೆಗೇ ಅಂಟಿಕೊಂಡ ಕಾರು ಶೆಡ್ಡು. 1960ರ ದಶಕದಲ್ಲಿ ಅಲ್ಲಿನ ಸಣ್ಣ ಊರುಗಳ ಹುಡುಗರು ಅಪ್ಪನ ಕಾರನ್ನು ಹೊರಗೆ ನಿಲ್ಲಿಸಿ, ಆ ಶೆಡ್ಡಿನಲ್ಲಿ ಗಿಟಾರ್, ಡ್ರಮ್ ಬಾರಿಸಲು ಶುರುಮಾಡಿದರು. ಗುರುಮುಖೇನ ಕಲಿತವರು ಕಡಿಮೆ. ಗೊತ್ತಿದ್ದದ್ದು ಮೂರು ಸ್ವರಗುಚ್ಛ, ಉಳಿದದ್ದೆಲ್ಲ ಹುರುಪು. ಈ ಒರಟು ಸಂಗೀತಕ್ಕೆ ಮುಂದೆ 'ಗ್ಯಾರೇಜ್ ರಾಕ್' ಎಂಬ ಹೆಸರೇ ನಿಂತುಬಿಟ್ಟಿತು.

ಇದರಲ್ಲಿ ಬಹಳ ಪ್ರಸಿದ್ಧವಾದದ್ದು ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 1963ರಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಧ್ವನಿಮುದ್ರಿಸಿದ 'ಲೂಯಿ ಲೂಯಿ' ಎಂಬ ಹಾಡು. ಹಾಡುಗಾರನ ಉಚ್ಚಾರ ಎಷ್ಟು ಅಸ್ಪಷ್ಟವಾಗಿತ್ತೆಂದರೆ, ಅದರಲ್ಲಿ ಅಶ್ಲೀಲವಿದೆಯೆಂಬ ಗುಮಾನಿ ಹುಟ್ಟಿ ದೂರುಗಳು ಹೋದವು. ಅಮೆರಿಕದ ಗೂಢಚಾರ ಸಂಸ್ಥೆಯಾದ ಎಫ್.ಬಿ.ಐ. ತನಿಖೆ ನಡೆಸಿತು. ತಟ್ಟೆಯನ್ನು ನಾನಾ ವೇಗದಲ್ಲಿ ತಿರುಗಿಸಿ ಕೇಳಿದರೂ ಮಾತು ತಿಳಿಯಲಿಲ್ಲ, ಅರ್ಥವಾಗದ ಹಾಡೆಂದು ಕಡತ ಮುಚ್ಚಿದರು! ಸ್ವಾರಸ್ಯವೆಂದರೆ ಆ ಹಾಡಿನ ಸಾಹಿತ್ಯದಲ್ಲಿ ಯಾವ ಅಶ್ಲೀಲವೂ ಇರಲಿಲ್ಲ. ಸಮುದ್ರದ ಮೇಲಿರುವ ನಾವಿಕನೊಬ್ಬ ಊರಿನಲ್ಲಿ ಕಾದಿರುವ ಹುಡುಗಿಯ ಬಳಿಗೆ ಹೋಗಬೇಕೆಂದು ಹಂಬಲಿಸುವ ಸರಳ ಹಾಡು ಅದು. ಅಂದರೆ, ನಮ್ಮಂಥ ಪರವೂರಿನವರ ಹಾಡೇ.

* * *

ಇನ್ನು ಸ್ಕಾಟ್ಲೆಂಡು. ಮಸ್ಕತ್ತಿನವರಿಗೆ ಆ ನಾಡು ಪರಕೀಯವೇನಲ್ಲ. ಇಲ್ಲಿಯ ಸೈನಿಕ ಸಮಾರಂಭಗಳಲ್ಲಿ ಬ್ಯಾಗ್‌ಪೈಪ್ ವಾದ್ಯದ ಮೇಳ ನೋಡಿ, "ಮರಳುನಾಡಿನಲ್ಲಿ ಇದೆಲ್ಲಿಂದ ಬಂತು?" ಎಂದು ಬೆರಗಾಗದವರಾರು! ದಿವಂಗತ ಸುಲ್ತಾನ್ ಕಾಬೂಸ್ ಅವರು ತಾರುಣ್ಯದಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಕಲಿತು, ಕ್ಯಾಮರೋನಿಯನ್ಸ್ ಎಂಬ ಸ್ಕಾಟಿಷ್ ಪಡೆಯಲ್ಲಿ ಸ್ವಲ್ಪ ಕಾಲ ಸೇವೆ ಸಲ್ಲಿಸಿದ್ದರು. ಆ ನಾದದ ಮೇಲಿನ ಅವರ ಒಲವು ಪ್ರಸಿದ್ಧ. ಆದರೆ ನಾನು ಹೇಳಹೊರಟಿರುವುದು ಪಡೆಗಳ ಸಂಗೀತವನ್ನಲ್ಲ, ಪಡ್ಡೆ ಹುಡುಗರ ಸಂಗೀತವನ್ನು.

ಗ್ಲಾಸ್ಗೋ ನಗರದ ಬಳಿ ಈಸ್ಟ್ ಕಿಲ್‌ಬ್ರೈಡ್ ಎಂಬ ಊರಿದೆ. 1947ರಲ್ಲಿ ಸರಕಾರ ಯೋಜನೆ ಹಾಕಿ ಬೆಳೆಸಿದ, ಸ್ಕಾಟ್ಲೆಂಡಿನ ಮೊದಲ 'ಹೊಸ ಪಟ್ಟಣ'. ಅಲ್ಲಿ ವಿಲಿಯಂ ರೀಡ್ ಮತ್ತು ಜಿಮ್ ರೀಡ್ ಎಂಬ ಅಣ್ಣತಮ್ಮ. ಕೆಲಸವಿಲ್ಲ, ಕಾರ್ಯವಿಲ್ಲ. ಮಲಗುವ ಕೋಣೆಯಲ್ಲಿ ಕೂತು ತಟ್ಟೆಗಳನ್ನು ಕೇಳುವುದು, ನಮ್ಮದೂ ಒಂದು ತಂಡ ಎಂದು ಕನಸು ಕಾಣುವುದು. 1983ರ ಸುಮಾರಿಗೆ ಅವರ ತಂದೆಯ ಫ್ಯಾಕ್ಟರಿ ಕೆಲಸ ಹೋಯಿತು. ಕೈಗೆ ಬಂದ ಪರಿಹಾರದ ಹಣದಲ್ಲಿ 300 ಪೌಂಡುಗಳನ್ನು ಆ ತಂದೆ ಮಕ್ಕಳಿಗೆ ಕೊಟ್ಟರು. ಮಕ್ಕಳು ಕ್ಯಾಸೆಟ್ಟಿನ ಮೇಲೆ ನಾಲ್ಕು ಪದರಗಳಲ್ಲಿ ಧ್ವನಿ ಹಿಡಿಯುವ ಪೋರ್ಟಾಸ್ಟುಡಿಯೋ ಎಂಬ ಯಂತ್ರ ಕೊಂಡರು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಕೊಲ್ಲಿಯಲ್ಲಿ ದುಡಿಯುವ ನಮಗೆ ಸೆಟ್ಲ್‌ಮೆಂಟ್ ಹಣ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗಳ ಮದುವೆ, ಊರಿನ ಸೈಟು, ಅಮ್ಮನ ಕಣ್ಣಿನ ಆಪರೇಷನ್, ಎಲ್ಲಕ್ಕೂ ಅದೇ. ಕೆಲಸ ಹೋದ ದಿನ ಆ ಹಣದಲ್ಲಿ ಒಂದು ಪಾಲನ್ನು ಮಗನ ಗದ್ದಲದ ಯಂತ್ರಕ್ಕೆ ಕೊಡುವ ಎದೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ನನಗಿಲ್ಲ. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಆ ಯಂತ್ರದಲ್ಲಿ ಮಾಡಿದ ಒಂದು ಕ್ಯಾಸೆಟ್ ಕೈಯಿಂದ ಕೈಗೆ ದಾಟಿ ಗ್ಲಾಸ್ಗೋದ ಬಾಬಿ ಗಿಲೆಸ್ಪಿ ಎಂಬ ಯುವಕನಿಗೆ ಸಿಕ್ಕಿತು. ಅವನು ಅದನ್ನು ಲಂಡನ್ನಿನಲ್ಲಿ ಸಣ್ಣ ರೆಕಾರ್ಡ್ ಕಂಪನಿ ನಡೆಸುತ್ತಿದ್ದ ಗೆಳೆಯ ಅಲನ್ ಮೆಕ್‌ಗೀಗೆ ಮುಟ್ಟಿಸಿದ. 'ಜೀಸಸ್ ಅಂಡ್ ಮೇರಿ ಚೈನ್' ಎಂಬ ಹೆಸರಿನ ಈ ತಂಡದ ಮೊದಲ ತಟ್ಟೆ 1984ರ ನವೆಂಬರಿನಲ್ಲಿ ಬಂತು, ಮೊದಲ ಆಲ್ಬಂ 'ಸೈಕೋಕ್ಯಾಂಡಿ' 1985ರಲ್ಲಿ. ಮಧುರವಾದ ರಾಗ, ಅದರ ಮೇಲೆ ಸ್ಪೀಕರ್ ಕಿರುಚುವ ಶಬ್ದವನ್ನೇ ಉದ್ದೇಶಪೂರ್ವಕವಾಗಿ ಸುರಿಯುವುದು, ಇದು ಅವರ ಶೈಲಿ. ಆರಂಭದ ಕಛೇರಿಗಳು ಇಪ್ಪತ್ತು ನಿಮಿಷದೊಳಗೇ ಮುಗಿಯುತ್ತಿದ್ದವು, ಅದೂ ಸಭಿಕರಿಗೆ ಬೆನ್ನು ಹಾಕಿ! 1985ರ ಮಾರ್ಚಿನಲ್ಲಿ ಲಂಡನ್ನಿನ ಒಂದು ಕಛೇರಿಯಲ್ಲಿ ಸಿಟ್ಟಿಗೆದ್ದ ಜನ ದೊಂಬಿಯನ್ನೇ ಎಬ್ಬಿಸಿದರು. ಆದರೂ ಇಂದು ಆ ಆಲ್ಬಮ್ಮನ್ನು ಆ ದಶಕದ ಮುಖ್ಯ ಕೃತಿಗಳಲ್ಲಿ ಒಂದೆಂದು ಎಣಿಸುತ್ತಾರೆ.

ಆದರೆ ನನ್ನ ಮಗನ ಪ್ರಶ್ನೆಗೆ ಇವರಿಂದ ಉತ್ತರ ಸಿಗಲಿಲ್ಲ. ಇವರ ಹಾಡಿನಲ್ಲಿ ಕೇಳುವುದು ಹೆಚ್ಚಾಗಿ ಅಮೆರಿಕದ ಧಾಟಿಯೇ. ಊರಿನ ನಾಲಗೆ ಗದ್ದಲದ ಹಿಂದೆ ಅಡಗಿಕೊಂಡಿದೆ. ಉತ್ತರ ಸಿಕ್ಕಿದ್ದು ಎರಡನೆಯ ಮನೆಯಲ್ಲಿ.

* * *

ವಿಚಿತ್ರವೆಂದರೆ ಆ ಮನೆಯವರ ಹೆಸರೂ ರೀಡ್. ಇವರಿಗೂ ಅವರಿಗೂ ನಂಟಿಲ್ಲ. ಕ್ರೇಗ್ ಮತ್ತು ಚಾರ್ಲಿ ರೀಡ್ ಅವಳಿಜವಳಿ, ಹುಟ್ಟಿದ್ದು 1962ರಲ್ಲಿ. ಬೆಳೆದದ್ದು ಫೈಫ್ ಪ್ರಾಂತ್ಯದ ಆಕ್ಟರ್‌ಮಕ್ಟಿ ಎಂಬ ಪುಟ್ಟ ಊರಿನಲ್ಲಿ. ಜನಸಂಖ್ಯೆ ಸುಮಾರು ಎರಡು ಸಾವಿರ, ನಮ್ಮ ಕಡೆಯ ಒಂದು ಹೋಬಳಿ ಕೇಂದ್ರಕ್ಕಿಂತ ಚಿಕ್ಕದು. ಅಲ್ಲಿ ಆಗಲೇ ಒಬ್ಬ ಪ್ರಸಿದ್ಧ ಸಂಗೀತಗಾರರಿದ್ದರು, ಜಿಮ್ಮಿ ಶ್ಯಾಂಡ್. ಹಳ್ಳಿಯ ಕುಣಿತಗಳಿಗೆ ಅಕಾರ್ಡಿಯನ್ ನುಡಿಸಿ ನಾಡಿಗೆಲ್ಲ ಬೇಕಾದವರು. ಆ ಊರಿನಲ್ಲಿ ಅವರ ಪ್ರತಿಮೆಯೇ ಇದೆ.

ಅವಳಿಗಳು ಶಾಲಾ ದಿನಗಳಲ್ಲಿ ಪಂಕ್ ಎಂಬ ಗದ್ದಲದ ತಂಡಗಳಲ್ಲಿ ಬಾರಿಸಿದರು. ಕೊನೆಗೆ ಉಳಿದದ್ದು ಇಬ್ಬರ ಕಂಠ, ಒಂದು ಗಿಟಾರ್. ತಂಡದ ಹೆಸರು 'ಪ್ರೊಕ್ಲೇಮರ್ಸ್', ಅಂದರೆ ಡಂಗುರ ಸಾರುವವರು. ಇವರ ಕಥೆಯಲ್ಲೂ ಕ್ಯಾಸೆಟ್ ಕೈಬದಲಾಯಿತು. ಅಭಿಮಾನಿಯೊಬ್ಬ ಅದನ್ನು ಹೌಸ್‌ಮಾರ್ಟಿನ್ಸ್ ಎಂಬ ಇಂಗ್ಲಿಷ್ ತಂಡಕ್ಕೆ ಕಳಿಸಿದ. ಅವರು 1986ರ ತಮ್ಮ ಪ್ರವಾಸಕ್ಕೆ ಇವರನ್ನು ಕರೆದೊಯ್ದರು. 1987ರ ಆರಂಭದಲ್ಲಿ ಟೆಲಿವಿಷನ್ನಿನಲ್ಲಿ ಹಾಡುವ ಅವಕಾಶ ಬಂತು. ದಪ್ಪ ಕನ್ನಡಕ ಹಾಕಿಕೊಂಡ ಇಬ್ಬರು ಹುಡುಗರು, ನೋಡಿದರೆ ಬ್ಯಾಂಕಿನ ಗುಮಾಸ್ತರಂತೆ, ಬಾಯಿ ತೆರೆದರೆ ಅಪ್ಪಟ ಊರ ಭಾಷೆ. ಬ್ರಿಟನ್ನಿನ ಜನ ಕಿವಿ ನಿಮಿರಿಸಿದರು.

ಇದರಲ್ಲಿ ಹೆಚ್ಚುಗಾರಿಕೆ ಏನು ಎಂದು ಕೇಳಬಹುದು. ಸ್ಕಾಟ್ಲೆಂಡಿನವರು 'ರ'ಕಾರವನ್ನು ಗಟ್ಟಿಯಾಗಿ, ನಾಲಗೆ ನಡುಗಿಸಿ ಉಚ್ಚರಿಸುತ್ತಾರೆ. ಲಂಡನ್ನಿನ ಸುಸಂಸ್ಕೃತರು ಪದದ ಕೊನೆಯ 'ರ'ಕಾರವನ್ನು ನುಂಗಿಬಿಡುತ್ತಾರೆ. ಹಾಡುಗಾರನಾಗಿ ಮೇಲೆ ಬರಬೇಕಾದರೆ ಲಂಡನ್ನಿನ ಹಾಗೋ ಅಮೆರಿಕದ ಹಾಗೋ ಹಾಡಬೇಕು ಎಂಬುದು ಅಲಿಖಿತ ಕಾನೂನು. ಅವಳಿಗಳು ಆ ಕಾನೂನನ್ನೇ ವಸ್ತುವಾಗಿ ಇಟ್ಟುಕೊಂಡು, 'ರ'ಕಾರವನ್ನು ಬಿಸಾಡಲು ಹೇಳುವವರನ್ನು ಗೇಲಿ ಮಾಡುವ ಹಾಡು ಕಟ್ಟಿದರು. ಅದೂ ಆ 'ರ'ಕಾರವನ್ನು ಹಲ್ಲು ಕಚ್ಚಿ ಹಿಡಿದುಕೊಂಡೇ!

ಅದೇ ವರ್ಷ ಅವರ 'ಲೆಟರ್ ಫ್ರಮ್ ಅಮೆರಿಕ' ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸ್ಕಾಟ್ಲೆಂಡಿನ ಮಲೆನಾಡಿನ ಭೂಮಾಲೀಕರು ಕುರಿ ಸಾಕಣೆ ಲಾಭವೆಂದು ಒಕ್ಕಲುಗಳನ್ನು ಊರುಗಟ್ಟಲೆ ಎಬ್ಬಿಸಿದರು. ಸಾವಿರಾರು ಜನ ಹಡಗು ಹತ್ತಿ ಅಮೆರಿಕ, ಕೆನಡಾ ಸೇರಿದರು. ಆ ಹಳೆಯ ಗಾಯವನ್ನೂ, 1980ರ ದಶಕದಲ್ಲಿ ಒಂದರ ಹಿಂದೊಂದು ಮುಚ್ಚಿದ ಕಾರ್ಖಾನೆಗಳನ್ನೂ ಒಂದೇ ಹಾಡಿನಲ್ಲಿ ಪೋಣಿಸಿದ್ದರು. ಹೊರಟುಹೋದವನಿಂದ ಕಾಗದ ಬರುತ್ತದೋ ಇಲ್ಲವೋ ಎಂದು ಕಾಯುವ ಹಾಡು. ಊರಿನ ಎಸ್.ಟಿ.ಡಿ. ಬೂತಿನಲ್ಲಿ ನಮ್ಮ ಫೋನಿಗಾಗಿ ತಾಸುಗಟ್ಟಲೆ ಕಾದ ತಂದೆತಾಯಿಗಳ ನೆನಪಿದ್ದವರಿಗೆ ಇದು ಬೇರೆಯವರ ಹಾಡಾಗಿ ಕೇಳಿಸುವುದಿಲ್ಲ.

1988ರಲ್ಲಿ ಬಂತು 'ಐನೂರು ಮೈಲಿ'ಯ ಹಾಡು. ಒಂದು ಚಲನಚಿತ್ರದಲ್ಲಿ ಬಳಕೆಯಾಗಿ 1993ರಲ್ಲಿ ಅಮೆರಿಕದ ಪಟ್ಟಿಯಲ್ಲೂ ಮೂರನೆಯ ಸ್ಥಾನ ಹಿಡಿಯಿತು. ಇದಕ್ಕಿಂತ ನನಗೆ ಹಿಡಿಸಿದ್ದು 2016ರ ಘಟನೆ. ಎಡಿನ್‌ಬರೋ ನಗರದ ಹೈಬರ್ನಿಯನ್ ಫುಟ್‌ಬಾಲ್ ತಂಡ 1902ರ ನಂತರ ಮೊದಲ ಬಾರಿಗೆ ಸ್ಕಾಟಿಷ್ ಕಪ್ ಗೆದ್ದಿತು. ಆಟದ ಬಯಲಿನಲ್ಲಿದ್ದ ಸಾವಿರಾರು ಬೆಂಬಲಿಗರು ಈ ಅವಳಿಗಳ ಲೀತ್ ಹಾಡನ್ನು ಒಟ್ಟಾಗಿ ಹಾಡಿದರು. ಲೀತ್ ಎಂದರೆ ಆ ನಗರದ ಬಂದರು ಪ್ರದೇಶ, ಅವಳಿಗಳು ಹುಟ್ಟಿದ ಜಾಗ. ನೂರಾ ಹದಿನಾಲ್ಕು ವರ್ಷ ಕಾದವರ ಕಣ್ಣೀರಿಗೆ ಒದಗಿಬಂದದ್ದು ಲಂಡನ್ನಿನ ನಾಲಗೆಯಲ್ಲ, ಊರಿನ ನಾಲಗೆ.

* * *

ಈಗ ನಮ್ಮೂರಿಗೆ ಬರೋಣ.

ಪಾಶ್ಚಾತ್ಯ ಸಂಗೀತ ಮೈಸೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು, ಆಟೋ ಶ್ಮಿಟ್ ಎಂಬ ಜರ್ಮನ್ ಅದರ ಮುಖ್ಯಸ್ಥರಾಗಿದ್ದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಬಲ್ಲವರು. ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರೇ. ಇಲ್ಲಿ ಒಮಾನಿನಲ್ಲೂ 1985ರಲ್ಲಿ ಸುಲ್ತಾನರ ಆಜ್ಞೆಯಂತೆ ಒಮಾನಿ ಯುವಜನರನ್ನೇ ತರಬೇತುಗೊಳಿಸಿ ರಾಯಲ್ ಒಮಾನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಲಾಯಿತು. ಇವೆಲ್ಲ ದೊಡ್ಡ ಕೆಲಸಗಳು, ಕೈಮುಗಿಯಬೇಕಾದ ಕೆಲಸಗಳು. ಆದರೆ ಅರಮನೆಯ ಸಂಗೀತ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಗ್ಯಾರೇಜಿನ ಸಂಗೀತ ಕೆಳಗಿನಿಂದ ಏಳುತ್ತದೆ. ಮೈಸೂರಿನಲ್ಲಿ ಇಂಗ್ಲಿಷ್ ವಾದ್ಯ ಅರಮನೆಯಿಂದ ನಡುಮನೆಗೆ ಬರಲು ಬಹಳ ಕಾಲ ಹಿಡಿಯಿತು.

ಈ ನಡುವೆ ಕನ್ನಡದ ಹಾಡು ಸುಮ್ಮನೆ ಕೂತಿರಲಿಲ್ಲ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆಗೂಡಿ ಕವಿಗಳ ಪದ್ಯಗಳನ್ನೂ ಜನಪದ ಹಾಡುಗಳನ್ನೂ ಮನೆಮನೆಗೆ ತಲುಪಿಸಿದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆಯ ಯುಗವೇ ಶುರುವಾಯಿತು. ಸಿ. ಅಶ್ವಥ್ ಅವರು ಶಿಶುನಾಳ ಶರೀಫರ ತತ್ತ್ವಪದಗಳನ್ನು ಎತ್ತರದ ದನಿಯಲ್ಲಿ ಹಾಡಿದಾಗ ಹಳೆಯ ಮೈಸೂರಿನವರಿಗೂ ಧಾರವಾಡದ ಕನ್ನಡದ ರುಚಿ ಹತ್ತಿತು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಅದನ್ನು ಇನ್ನಷ್ಟು ಹರಡಿತು. ರಜೆ ಮುಗಿಸಿ ಕೊಲ್ಲಿಗೆ ಮರಳುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲೇ ಆ ಕ್ಯಾಸೆಟ್ಟುಗಳಿರುತ್ತಿದ್ದವು.

ಗಿಟಾರ್ ಮಾತ್ರ ಬೇರೆ ದಾರಿಯಲ್ಲಿ ನಡೆಯಿತು. ಚಲನಚಿತ್ರದಲ್ಲಿ ಅದು ಮೋಜಿನ ಸನ್ನಿವೇಶಕ್ಕೆ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜಕುಮಾರ್ ಅವರು ಪಾಶ್ಚಾತ್ಯ ಧಾಟಿಯ ಹಾಡೊಂದನ್ನು ಹಾಡಿದರು, ಆದರೆ ಅದರ ಮಾತು ಇಂಗ್ಲಿಷಿನದು. ಬೆಂಗಳೂರಿನ ರಾಕ್ ತಂಡಗಳದೂ ಅದೇ ಕಥೆ. 1996ರಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ ಸ್ವಂತ ರಚನೆಗಳಿಂದ ಒಳ್ಳೆಯ ಹೆಸರು ಮಾಡಿತು, ಹಾಡಿದ್ದು ಇಂಗ್ಲಿಷಿನಲ್ಲಿ. ಬೆಂಗಳೂರಿನ ಅರಮನೆ ಮೈದಾನವೇ ಇದಕ್ಕೆ ಸಾಕ್ಷಿ. 2003ರಲ್ಲಿ ಅಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು, 2007ರಲ್ಲಿ ಐರನ್ ಮೇಡನ್. ನಡುವೆ 2005ರಲ್ಲಿ ಅದೇ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರ ಸೇರಿತು. ಒಂದೇ ನೆಲ, ಎರಡು ಸಂತೆ. ಇವರ ಕಡೆ ಅವರು ತಿರುಗಿ ನೋಡಿದ್ದು ಕಡಿಮೆ. "ಕನ್ನಡ ಗಿಟಾರಿಗೆ ಕೂರಲ್ಲ" ಎಂದು ಹದಿನೈದರ ನಾನು ಹೇಳಿದ್ದು ಇದೇ ಗೋಡೆಯನ್ನು ನೋಡಿ.

* * *

ಆ ಗೋಡೆಯಲ್ಲಿ ಕಿಂಡಿ ಕೊರೆದದ್ದು ಮೂರನೆಯ ಮನೆಯ ಅಣ್ಣತಮ್ಮಂದಿರು, ರಘು ದೀಕ್ಷಿತ್ ಮತ್ತು ವಾಸು ದೀಕ್ಷಿತ್.

ರಘು ಹುಟ್ಟಿದ್ದು 1974ರಲ್ಲಿ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥ ಮನೆ. ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಮೈಸೂರು ವಿಶ್ವವಿದ್ಯಾನಿಲಯದ ಚಿನ್ನದ ಪದಕ. ಕಾಲೇಜಿನಲ್ಲಿ ಸಹಪಾಠಿಯೊಬ್ಬ, ಕುಣಿಯುವುದು ಗಂಡಸರ ಕೆಲಸವೇ ಎಂಬಂತೆ ಹಂಗಿಸಿದನಂತೆ. ಮಾತಿಗೆ ಮಾತು ಬೆಳೆದು, ಎರಡೇ ತಿಂಗಳಲ್ಲಿ ಗಿಟಾರ್ ಕಲಿತು ತೋರಿಸುವ ಪಂಥ ಕಟ್ಟಿದ್ದಾಯಿತು. ಪಂಥಕ್ಕೆ ಹಿಡಿದ ವಾದ್ಯ ಕೈಬಿಡಲಿಲ್ಲ. ನಮ್ಮ ಕಥೆಗೆ ಮುಖ್ಯವಾದ ಮಾತು ಇದು: ಗಿಟಾರ್ ಬಂತೆಂದು ಅವರು ಗೆಜ್ಜೆಯನ್ನು ಬಿಚ್ಚಿಡಲಿಲ್ಲ. ಮುಂದೆ ಜಗತ್ತಿನ ವೇದಿಕೆಗಳಲ್ಲಿ ಅವರು ನಿಂತದ್ದು ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರ್ ತೂಗಿಹಾಕಿಕೊಂಡು.

1990ರ ದಶಕದ ಕೊನೆಯಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವ‌ರೊಡಗೂಡಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ನಡುವೆ ಔಷಧ ಕಂಪನಿಯ ಉದ್ಯೋಗ, ಬೆಲ್ಜಿಯಂ ವಾಸ. ಕೊನೆಗೆ ಸಂಬಳವನ್ನು ಬಿಟ್ಟು ಹಾಡನ್ನು ಹಿಡಿದರು. ಅಂತರಾಗ್ನಿ ಚದುರಿದ ಮೇಲೆ 2005ರಲ್ಲಿ 'ರಘು ದೀಕ್ಷಿತ್ ಪ್ರಾಜೆಕ್ಟ್' ಶುರುವಾಯಿತು. ಕ್ಯಾಸೆಟ್ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಬೆರೆತ ಈ ಸರಕನ್ನು ಯಾವ ಕಪಾಟಿನಲ್ಲಿಡುವುದು ಎಂಬುದು ವ್ಯಾಪಾರಿಗಳ ತೊಡಕು. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾದಿದ್ದೇನೆ ಎಂಬ ಅರ್ಥದ ಹಾಡನ್ನೇ ಅವರು ಕಟ್ಟಿದ್ದಾರೆ. ಕೊನೆಗೆ ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ ಇವರ ಹಾಡು ಕೇಳಿ, 2008ರಲ್ಲಿ ತಮ್ಮದೇ ಕಂಪನಿಯಿಂದ ಮೊದಲ ಆಲ್ಬಂ ಹೊರತಂದರು. ಇಲ್ಲಿಯೂ ನೋಡಿ, ಇನ್ನೊಬ್ಬ ಹಾಡುಗಾರನ ಕಿವಿಯೇ ಬಾಗಿಲು ತೆರೆಯಿತು.

ಆ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವಿತ್ತು. ಶರೀಫರು (1819-1889) ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಮುಸ್ಲಿಮರಾಗಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು. ಹುಕ್ಕಾ, ಮಾಳಿಗೆ, ಹಳ್ಳಿಯ ಹೆಣ್ಣುಮಗಳ ಕೊಡ, ಯಾವುದು ಕಣ್ಣಿಗೆ ಬಿತ್ತೋ ಅದರಲ್ಲೇ ತತ್ತ್ವ ಕಂಡವರು. ಅವರ ಪದದ ಲಯ ಏಕತಾರಿಗೆ ಹೇಗೋ ಗಿಟಾರಿನ ತಂತಿಗೂ ಹಾಗೆಯೇ ಒಗ್ಗಿತು. ಕನ್ನಡ 'ಕೂರಲಿಲ್ಲ', ಎದ್ದು ಕುಣಿಯಿತು!

2010ರಲ್ಲಿ ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ರಘು ತಂಡ ಹಾಡಿತು. ಅದರ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ, ಅದೇ ಬೇಸಿಗೆಯಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಮಳೆ, ಕೆಸರು, ಲಕ್ಷಾಂತರ ಜನಕ್ಕೆ ಹೆಸರಾದ ಜಾತ್ರೆ ಅದು, ಇಂಗ್ಲಿಷರ ಸಿದ್ಧಗಂಗೆ ಎನ್ನಿ.

ತಮ್ಮ ವಾಸು ಇನ್ನೊಂದು ದಾರಿ ಹಿಡಿದರು. 2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಸ್ವರಾತ್ಮ' ತಂಡದ ಮುಖ್ಯ ಗಾಯಕ ಅವರು. 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದ ಮೇಲೆ ಹೆಸರು ಬಂತು, 2009ರಲ್ಲಿ ಮೊದಲ ಆಲ್ಬಂ. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್ ಯೋಜನೆಯೊಂದರಲ್ಲಿ ಜಾನ್ ಲೆಕಿ ಎಂಬ ಪ್ರಸಿದ್ಧ ನಿರ್ಮಾಪಕರ ಜೊತೆ ಧ್ವನಿಮುದ್ರಣ ಮಾಡಿದರು. ವಾಸು ವೇದಿಕೆಗೆ ಬರುವುದು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು, ನಮ್ಮ ದಸರಾ ಮೆರವಣಿಗೆಯಿಂದ ನೇರವಾಗಿ ಇಳಿದುಬಂದವರಂತೆ. ಅವರ 'ಪ್ಯಾಸಿ' ಎಂಬ ಹಾಡಿನಲ್ಲಿ ಎರಡು ರಾಜ್ಯಗಳ ಜಗಳದ ನಡುವೆ ಸಿಕ್ಕ ಕಾವೇರಿಯೇ ತನ್ನ ಅಳಲು ತೋಡಿಕೊಳ್ಳುತ್ತಾಳೆ. ಮೈಸೂರು ಸೀಮೆಯವನಿಗಲ್ಲದೆ ಆ ಹಾಡು ಯಾರಿಗೆ ಹೊಳೆದೀತು?

ನಿಜ, ಆ ಹಾಡು ಹಿಂದಿಯದು. ರಘು ಅವರ ಬಹು ಜನಪ್ರಿಯ ಹಾಡಾದ ಮೈಸೂರಿನ ಹುಡುಗಿಯ ಹಾಡೂ ಹಿಂದಿಯದೇ. ಇದನ್ನು ಮುಚ್ಚಿಟ್ಟು ಬೆನ್ನು ತಟ್ಟಿಕೊಳ್ಳುವುದು ಬೇಡ. ಸಿನಿಮಾದ ಹೊರಗೆ ಕನ್ನಡದ ತಂಡವೊಂದು ಕನ್ನಡದಿಂದಲೇ ಬದುಕುವುದು ಇಂದಿಗೂ ಕಷ್ಟ. ಆದರೆ ಒಂದು ಮಾತು ಖಚಿತ. ಈ ಅಣ್ಣತಮ್ಮಂದಿರು ಎತ್ತರಕ್ಕೆ ಏರಿದ್ದು ಊರನ್ನು ಕಳಚಿಟ್ಟಲ್ಲ. ಲುಂಗಿ, ಗೆಜ್ಜೆ, ಕೀಲುಕುದುರೆ, ಶರೀಫಜ್ಜ, ಕಾವೇರಿ, ಎಲ್ಲವನ್ನೂ ಹೊತ್ತುಕೊಂಡೇ ಏರಿದರು. ಆಕ್ಟರ್‌ಮಕ್ಟಿಯ ಅವಳಿಗಳು 'ರ'ಕಾರವನ್ನು ಹೊತ್ತುಕೊಂಡ ಹಾಗೆ. ಊರನ್ನು ಇಳಿಸಿ ಬಂದವನು ಹಗುರಾಗುತ್ತಾನೆ ಎಂದುಕೊಳ್ಳುತ್ತೇವೆ. ಆದರೆ ಜನ ಕಿವಿಗೊಟ್ಟದ್ದು ಆ ಭಾರಕ್ಕೇ.

* * *

ಇಷ್ಟನ್ನೂ ಮಗನಿಗೆ ಹೇಳಿದೆ. ಹದಿನೈದರ ಹುಡುಗರು ಅಪ್ಪನ ಉಪನ್ಯಾಸವನ್ನು ಹೇಗೆ ಕೇಳುತ್ತಾರೋ ಹಾಗೇ ಕೇಳಿದ, ಅಂದರೆ ಕೇಳಲಿಲ್ಲ. ಕೆಲಸ ಮಾಡಿದ್ದು ಅವನ ಅಜ್ಜಿ. ನಮ್ಮ ಅತ್ತೆ ಧಾರವಾಡದವರು, ವಿಸಿಟ್ ವೀಸಾದ ಮೇಲೆ ಬಂದಿದ್ದರು. ಒಂದು ಸಂಜೆ ಫೋನಿನಲ್ಲಿ ರಘು ಅವರ ಹಾಡು ಹಾಕಿದ್ದೆ. ಅಡುಗೆಮನೆಯಿಂದ ಹೊರಬಂದು, "ಏನ್ರಿ ಇದು, ನಮ್ಮ ಶರೀಫಜ್ಜನ ಪದಾ ಇಷ್ಟ ಜೋರ ಹಾಡ್ಯಾನಲ್ಲ!" ಅಂದರು. ಬೈಯುತ್ತಾರೇನೋ ಎಂದುಕೊಂಡೆ. ನೋಡಿದರೆ ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಆಮೇಲೆ ಸೋರುವ ಮಾಳಿಗೆಯ ಪದವನ್ನು ತಾವೇ ಹಾಡಿದರು, ಭಜನೆಯ ಧಾಟಿಯಲ್ಲಿ. ಮಗ ಗಿಟಾರ್ ತಂದು ಮೆಲ್ಲಗೆ ಶ್ರುತಿ ಹುಡುಕಿದ. ಸಿಕ್ಕಿತು. ಆಮೇಲೆ ಹಾಡಲು ಹೋಗಿ "ಮಾಲಿಗಿ" ಎಂದ.

"ಮಾಲಿಗಿ ಅಲ್ಲೋ ತಮ್ಮಾ, ಮಾಳಿಗಿ. ನಾಲಗಿ ಹಿಂದಕ್ಕ ಮಡಚು. ಮಾಲಿ ಸೋರೂದಿಲ್ಲ, ಮಾಳಿಗಿ ಸೋರತದ" ಅಂದರು ಅತ್ತೆ.

ನಾಲ್ಕು ದಿನ ನಾಲಗೆ ಮಡಚುವ ಪಾಠವೇ ನಡೆಯಿತು. ಮಲಯಾಳಿ ಹುಡುಗನಿಗೆ 'ಳ'ಕಾರ ಮೊದಲ ಸಲಕ್ಕೇ ಬಂತು, ಅವನ ಭಾಷೆಯಲ್ಲಿ ಅದು ಧಾರಾಳ. ಗೆಳೆಯ ಮುಂದಾದನಲ್ಲ ಎಂಬ ಹಟಕ್ಕೆ ನಮ್ಮವನಿಗೂ ಬಂತು. ಈಗ ಮೂವರೂ ಸಂಜೆ ಪಾರ್ಕಿಂಗಿನಲ್ಲಿ ಅದನ್ನೇ ಅಭ್ಯಾಸ ಮಾಡುತ್ತಾರೆ. ಮೇಲಿನ ಮನೆಗಳ ಏಸಿ ಪೈಪುಗಳಿಂದ ಅಲ್ಲಿ ಸದಾ ನೀರು ತೊಟ್ಟಿಕ್ಕುತ್ತದೆ, ಆಂಪ್ಲಿಫೈಯರ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ಮಾಳಿಗೆ ಸೋರುವ ಹಾಡಿಗೆ ಇದಕ್ಕಿಂತ ಒಳ್ಳೆಯ ಗ್ಯಾರೇಜು ಎಲ್ಲಿ ಸಿಕ್ಕೀತು?

ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಬರುವ ರಾಜ್ಯೋತ್ಸವದಲ್ಲಿ ಸನ್ಮಾನ, ಭಾಷಣಗಳ ನಡುವೆ ಈ ಹುಡುಗರಿಗೆ ಹತ್ತು ನಿಮಿಷ ಕೊಡಿ. ಮುಂದಿನ ಸಾಲಿನ ಹಿರಿಯರಿಗೂ ಒಂದು ಮಾತು: ಸದ್ದು ಸ್ವಲ್ಪ ಜೋರಾಗಿರುತ್ತದೆ. ದಯವಿಟ್ಟು ಕಿವಿ ಮುಚ್ಚಿಕೊಳ್ಳಬೇಡಿ, 'ಳ'ಕಾರ ಬರುವ ಜಾಗದಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ.